ಚೀಲವೋ ಪೆಟ್ಟಿಗೆಯೋ? ಚಿಕ್ಕೇರೂರಿಗೆ ಹೊರಟ ಗಿಟಾರ್‌ನ ಲೆಕ್ಕಾಚಾರ

ಗಿಟಾರ್ ತಗೊಂಡವರಿಗೆಲ್ಲ ಒಂದೆರಡು ತಿಂಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. ಮೆತ್ತನೆ ಬ್ಯಾಗ್ ಸಾಕಾ, ಇಲ್ಲ ಹಾರ್ಡ್ ಕೇಸ್ ಬೇಕಾ? ಗಿಟಾರ್ ಜೊತೆ ಅಂಗಡಿಯವರು ಪುಕ್ಕಟೆ ಕೊಟ್ಟ ಕರೀ ಚೀಲದ ಝಿಪ್ಪು ಅಷ್ಟರಲ್ಲಿ ಬಾಯಿ ಬಿಟ್ಟಿರುತ್ತೆ. ಸೀನಿಯರ್‌ಗಳನ್ನು ಕೇಳಿದರೆ ‘ಹಾರ್ಡ್ ಕೇಸೇ ಬೆಸ್ಟು, ಆದ್ರೆ ಕಾಸ್ಟ್ಲಿ’ ಅಂತಾರೆ. ಅಂದರೆ ದುಡ್ಡಿದ್ದವರಿಗೆ ಪೆಟ್ಟಿಗೆ, ಇಲ್ಲದವರಿಗೆ ಚೀಲ ಅಂತ ಒಂದು ಅಲಿಖಿತ ನಿಯಮ. ನಮಗೆ ಈ ನಿಯಮದ ಮೇಲೆ ನಂಬಿಕೆ ಇಲ್ಲ. ಯಾಕೆ ಇಲ್ಲ ಅಂತ ಹೇಳೋಕೇ ಈ ಲೇಖನ.

ನಾವು ನಾಲ್ಕು ಜನ ಸೇರಿ ಒಂದು ಗಿಟಾರ್ ಇಟ್ಟುಕೊಂಡಿದ್ದೇವೆ. ಎಲ್ಲರೂ ಚಂದಾ ಹಾಕಿ 9,500 ರೂಪಾಯಿಗೆ ತಂದದ್ದು. ನಮ್ಮಲ್ಲೊಬ್ಬನ ಊರು ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು. ನಾಲ್ವರಲ್ಲಿ ನಿಜವಾಗಿ ಪ್ರಾಕ್ಟೀಸ್ ಮಾಡೋನು ಅವನೊಬ್ಬನೇ ಆದ್ದರಿಂದ ಸೆಮಿಸ್ಟರ್ ರಜೆಯಲ್ಲಿ ಗಿಟಾರ್ ಅವನ ಜೊತೆಗೇ ಹೋಗಬೇಕು ಅಂತ ತೀರ್ಮಾನ ಆಯ್ತು. ಅಲ್ಲಿಂದ ಶುರುವಾಯ್ತು ಚರ್ಚೆ. ಕ್ಯಾಂಪಸ್‌ನಿಂದ ಸಿಟಿ ಬಸ್ಸು, ರಾತ್ರಿ ರೈಲು, ಬೆಳಗ್ಗೆ ಹಾವೇರಿಯಲ್ಲೋ ರಾಣೆಬೆನ್ನೂರಲ್ಲೋ ಇಳಿದು ಹಿರೇಕೆರೂರು ಕಡೆಯ ಕೆಂಪು ಬಸ್ಸು, ಕೊನೆಗೆ ಸಿಕ್ಕರೆ ಬಸ್ಸು ಇಲ್ಲದಿದ್ದರೆ ಟಂಟಂ. ಚಿಕ್ಕೇರೂರಿಗೆ ರೈಲಿಲ್ಲ. ಇಷ್ಟು ದಾರಿಯಲ್ಲಿ ಗಿಟಾರ್ ಯಾವುದರೊಳಗೆ ಕೂತರೆ ತಲೆ ನೆಟ್ಟಗೆ ಇಟ್ಟುಕೊಂಡು ಹೋಗಿ ಬರುತ್ತೆ?

ಮೊದಲು ಮಾರ್ಕೆಟ್‌ನಲ್ಲಿ ಏನೇನು ಸಿಗುತ್ತೆ ಅಂತ ನೋಡಿಬಿಡೋಣ. ಪುಕ್ಕಟೆ ಬರೋದು ಬರೀ ಬಟ್ಟೆಯ ಹೊದಿಕೆ, ಒಳಗೆ 2-3 ಮಿ.ಮೀ. ಫೋಮ್ ಇದ್ದರೆ ಪುಣ್ಯ. ನಮ್ಮ ಕನ್ನಡದಲ್ಲಿ ಇದಕ್ಕೆ ಗವಸಣಿಗೆ ಅನ್ನೋ ಚಂದದ ಪದ ಇದೆ. ತಂಬೂರಿಗೆ, ವೀಣೆಗೆ ಹಾಕ್ತಿದ್ದ ಬಟ್ಟೆಯ ಗವಸು. ಧೂಳು, ಗೀರು ತಪ್ಪಿಸೋದು ಗವಸಣಿಗೆಯ ಕೆಲಸ, ಪೆಟ್ಟು ತಪ್ಪಿಸೋದು ಅಲ್ಲ. ಅದರ ಮೇಲಿನದ್ದು 10ರಿಂದ 20 ಮಿ.ಮೀ. ಫೋಮ್ ಇರೋ ದಪ್ಪ ಬ್ಯಾಗು. ಬೆನ್ನಿಗೆ ಹಾಕಿಕೊಳ್ಳೋಕೆ ಎರಡು ಪಟ್ಟಿ ಇರುತ್ತೆ, ಬೆಲೆ ಸಾವಿರದಿಂದ ಮೇಲೆ. ಮಧ್ಯದಲ್ಲಿ ಥರ್ಮಾಕೋಲ್ ತರದ ಗಟ್ಟಿ ಫೋಮನ್ನೇ ಗಿಟಾರ್ ಆಕಾರಕ್ಕೆ ಕೊರೆದು ಬಟ್ಟೆ ಸುತ್ತಿದ ಹಗುರ ಕೇಸ್ ಒಂದಿದೆ. ಕೊನೆಯದು ಅಸಲಿ ಹಾರ್ಡ್ ಕೇಸ್: ಪ್ಲೈವುಡ್, ಎಬಿಎಸ್ ಪ್ಲಾಸ್ಟಿಕ್ ಅಥವಾ ಫೈಬರ್ ಗ್ಲಾಸ್. ಹೊರಗೆ ಕೊಂಡಿ, ಒಳಗೆ ಮಖಮಲ್ಲು. ಪ್ಲೈವುಡ್‌ನದ್ದು ಒಂದೇ ನಾಲ್ಕು ಕೆ.ಜಿ. ಆಸುಪಾಸು ತೂಗುತ್ತೆ, ಅಂದರೆ ಒಳಗಿರೋ ಗಿಟಾರ್‌ನ ಎರಡು ಪಟ್ಟು. ಬೆಲೆಯೂ ನಾಲ್ಕೈದು ಸಾವಿರದಿಂದ ಶುರು.

9,500ರ ಗಿಟಾರಿಗೆ ಐದು ಸಾವಿರದ ಪೆಟ್ಟಿಗೆ. ಮುತ್ತಿಗಿಂತ ಮುತ್ತಿನ ಡಬ್ಬಿ ಹೆಚ್ಚಾಯ್ತೇನೋ ಅಂತ ಅನ್ನಿಸುತ್ತೆ. ಆದರೂ ದುಡ್ಡಿನ ಮಾತು ಆಮೇಲೆ. ಮೊದಲು ಗಿಟಾರ್ ಮುರಿಯೋದು ಹೇಗೆ ಅಂತ ತಿಳ್ಕೊಳ್ಳದೆ ಕಾಪಾಡೋದು ಹೇಗೆ ಅಂತ ಹೇಳೋಕಾಗಲ್ಲ.

ಕುತ್ತಿಗೆಯ ಕತೆ

ಹೊಟ್ಟೆ ದೊಡ್ಡದಾಗಿದೆ, ಟೊಳ್ಳಾಗಿದೆ, ಅದೇ ಮೊದಲು ಒಡೆಯೋದು ಅಂತ ನೋಡಿದವರೆಲ್ಲ ಅಂದ್ಕೊಳ್ತಾರೆ. ಬಿದ್ದ ಗಿಟಾರ್‌ಗಳಲ್ಲಿ ಪದೇ ಪದೇ ಮುರಿಯೋದು ಮಾತ್ರ ತಲೆ ಮತ್ತು ಕುತ್ತಿಗೆ ಸೇರೋ ಜಾಗ. ತಂತಿಗಳು ಹಾದುಹೋಗೋ ಬಿಳಿ ಪಟ್ಟಿ ಇದೆಯಲ್ಲ, ನಟ್ ಅಂತಾರೆ, ಅದರ ಹಿಂದೆ ಒಂದೆರಡು ಬೆರಳಿನ ಜಾಗ. ಅಲ್ಲಿ ಮೂರು ತೊಂದರೆ ಒಟ್ಟಿಗೆ ಸೇರಿಕೊಂಡಿವೆ. ಒಂದು, ಅದು ಕುತ್ತಿಗೆಯ ಅತಿ ತೆಳುವಾದ ಭಾಗ. ಎರಡು, ಎಷ್ಟೋ ಗಿಟಾರ್‌ಗಳಲ್ಲಿ ಒಳಗಿನ ಕಬ್ಬಿಣದ ಸರಳನ್ನು ತಿರುಗಿಸೋಕೆ ಅಲ್ಲೇ ತೋಡಿ ಕಟ್ಟಿಗೆ ತೆಗೆದಿರ್ತಾರೆ. ಮೂರು, ತಲೆ ಹಿಂದಕ್ಕೆ ವಾಲಿರುತ್ತೆ. ಒಂದೇ ಮರದ ತುಂಡಿನಲ್ಲಿ ಕುತ್ತಿಗೆ, ತಲೆ ಎರಡನ್ನೂ ಕೊರೆದರೆ, ವಾಲಿದ ಜಾಗದಲ್ಲಿ ಮರದ ನಾರು ಉದ್ದಕ್ಕೆ ಹೋಗದೆ ಓರೆಯಾಗಿ ಕತ್ತರಿಸಿಹೋಗುತ್ತೆ. ಸೌದೆ ಸೀಳಿದವರಿಗೆ ಗೊತ್ತು, ನಾರಿನ ಜೊತೆ ಹೋದರೆ ಕಟ್ಟಿಗೆ ಎಷ್ಟು ಸುಲಭವಾಗಿ ಬಿರಿಯುತ್ತೆ ಅಂತ. ಗಿಬ್ಸನ್‌ನ ಲೆಸ್ ಪಾಲ್ ಗಿಟಾರ್‌ನಲ್ಲಿ ತಲೆ 17 ಡಿಗ್ರಿ ಹಿಂದಕ್ಕೆ ವಾಲಿರುತ್ತೆ. ಅದರ ತಲೆ ಮುರಿದ ಫೋಟೋಗಳಿಗೆ ಇಂಟರ್‌ನೆಟ್ಟಲ್ಲಿ ಬರವಿಲ್ಲ. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ತಲೆಯನ್ನ ವಾಲಿಸದೆ ಸಪಾಟಾಗಿ ಇಟ್ಟರು, ಅಲ್ಲಿ ಈ ಕಾಯಿಲೆ ಕಡಿಮೆ. ನಮ್ಮಂಥವರ ಬಜೆಟ್ ಗಿಟಾರ್‌ಗಳಲ್ಲಿ ಎಷ್ಟೋ ಸಲ ತಲೆಯನ್ನ ಬೇರೆ ತುಂಡಿನಿಂದ ಓರೆಯಾಗಿ ಅಂಟಿಸಿರ್ತಾರೆ. ಕುತ್ತಿಗೆಯ ಹಿಂದೆ ನೋಡಿದರೆ ಒಂದು ಗೆರೆ ಕಾಣುತ್ತೆ. ಅದನ್ನ ಬಿರುಕು ಅಂತ ಹೆದರಬೇಡಿ, ಅದು ಬಲ.

ಇದರ ಜೊತೆ ತಂತಿಗಳ ಎಳೆತ. 12ರ ಗೇಜಿನ ಸ್ಟೀಲ್ ತಂತಿ ಹಾಕಿ ಶ್ರುತಿ ಮಾಡಿದರೆ ಆರೂ ತಂತಿಗಳು ಸೇರಿ 70 ಕೆ.ಜಿ.ಗಿಂತ ಹೆಚ್ಚು ಬಲದಿಂದ ತಲೆಯನ್ನ ಮುಂದಕ್ಕೆ ಎಳೀತಿರ್ತವೆ. ನೀವು ಮಲಗಿದ್ದಾಗಲೂ, ಎಕ್ಸಾಮ್ ಹಾಲ್‌ನಲ್ಲಿದ್ದಾಗಲೂ, ಒಬ್ಬ ವಯಸ್ಕ ಮನುಷ್ಯ ಆ ಕುತ್ತಿಗೆಗೆ ಜೋತುಬಿದ್ದಿರ್ತಾನೆ ಅಂದ್ಕೊಳ್ಳಿ. ಮೊದಲೇ ಇಷ್ಟು ಬಿಗಿದ ಜಾಗಕ್ಕೆ ಒಂದು ಪೆಟ್ಟು ಬಿದ್ದರೆ?

ಈಗ ಮೊದಲ ವರ್ಷದ ಫಿಸಿಕ್ಸ್ ತೆಗೀರಿ. ಒಂದು ವಸ್ತು ಒಂದು ಎತ್ತರದಿಂದ ಬಿದ್ದು, ಒಂದಿಷ್ಟು ದೂರದೊಳಗೆ ನಿಂತರೆ, ನಿಲ್ಲುವಾಗಿನ ಸರಾಸರಿ ಬಲ ಅದರ ತೂಕದ ಎಷ್ಟು ಪಟ್ಟು? ಸುಮಾರಾಗಿ, ಬಿದ್ದ ಎತ್ತರವನ್ನ ನಿಲ್ಲೋಕೆ ಸಿಕ್ಕ ದೂರದಿಂದ ಭಾಗಿಸಿದಷ್ಟು. ಬ್ಯಾಗಿನ ಪಟ್ಟಿ ಹರಿದು ಗಿಟಾರ್ 80 ಸೆಂ.ಮೀ. ಎತ್ತರದಿಂದ ಬೆನ್ನಡಿಯಾಗಿ ಪ್ಲಾಟ್‌ಫಾರ್ಮ್ ಮೇಲೆ ಬಿತ್ತು ಅನ್ನೋಣ. ಪುಕ್ಕಟೆ ಚೀಲದ ಫೋಮ್ ಅಮುಕಿಕೊಂಡರೆ 2 ಮಿ.ಮೀ. 800 ಭಾಗಿಸು 2, ಅಂದರೆ 400 ಪಟ್ಟು. ಅದೇ 20 ಮಿ.ಮೀ. ಫೋಮಿನ ಬ್ಯಾಗ್ ಆದರೆ 12 ಮಿ.ಮೀ. ಅಮುಕಿಕೊಳ್ಳುತ್ತೆ ಅನ್ನೋಣ. 800 ಭಾಗಿಸು 12, ಸುಮಾರು 67 ಪಟ್ಟು.

ಹೊಟ್ಟೆ ನೆಲಕ್ಕೆ ತಾಗಿ ನಿಂತಿತು. ಆದರೆ ವಾಲಿರೋ ತಲೆ, ಆರು ಕಬ್ಬಿಣದ ಕಿವಿಗಳ ಸಮೇತ, ಗಾಳಿಯಲ್ಲಿದೆ. ಅದಿನ್ನೂ ಕೆಳಗೆ ಹೋಗ್ತಾ ಇದೆ. ಅದನ್ನ ನಿಲ್ಲಿಸಬೇಕಾದದ್ದು ಆ ತೆಳು ಜಾಗ ಒಂದೇ. ತಲೆಯ ತೂಕ 300 ಗ್ರಾಂ ಅಂತ ಹಿಡಿದರೆ, ಪುಕ್ಕಟೆ ಚೀಲದಲ್ಲಿ ಆ ಕ್ಷಣಕ್ಕೆ ಅದು 120 ಕೆ.ಜಿ.ಯ ಹಾಗೆ ಜಗ್ಗುತ್ತೆ. ದಪ್ಪ ಬ್ಯಾಗ್‌ನಲ್ಲಿ 20 ಕೆ.ಜಿ. ನಿಜವಾದ ಗಿಟಾರ್ ಬಾಗುತ್ತೆ, ಬಳುಕುತ್ತೆ, ಫೋಮ್ ಒಂದೇ ಸಮ ಅಮುಕಿಕೊಳ್ಳಲ್ಲ, ಹಾಗಾಗಿ ಈ ಅಂಕಿಗಳನ್ನ ಲ್ಯಾಬ್ ರೆಕಾರ್ಡಿಗೆ ಬರೀಬೇಡಿ. ಆದರೆ ಎರಡರ ನಡುವಿನ ಆರು ಪಟ್ಟು ವ್ಯತ್ಯಾಸ ನಿಜ.

ಹಾಗಾದ್ರೆ ಹಾರ್ಡ್ ಕೇಸ್? ಇಲ್ಲೇ ಸ್ವಾರಸ್ಯ ಇರೋದು. ಗಟ್ಟಿ ಚಿಪ್ಪು ನೆಲಕ್ಕೆ ಬಡಿದು ತಕ್ಷಣ ನಿಂತುಬಿಡುತ್ತೆ, ಅದು ಬಳುಕೋದು ಬಹಳ ಕಡಿಮೆ. ಗಿಟಾರನ್ನ ನಿಲ್ಲಿಸೋ ದೂರ ಸಿಗಬೇಕಾದದ್ದು ಒಳಗಿನ ಮೆತ್ತೆಯಿಂದ ಮಾತ್ರ. ಅಗ್ಗದ ಹಾರ್ಡ್ ಕೇಸ್‌ನಲ್ಲಿ ಮಖಮಲ್ಲಿನ ಕೆಳಗೆ ಬೆರಳಿಟ್ಟು ಒತ್ತಿ ನೋಡಿ, 5 ಮಿ.ಮೀ. ಫೋಮ್ ಇದ್ದರೆ ಹೆಚ್ಚು. ಅದು 3 ಮಿ.ಮೀ. ಅಮುಕಿಕೊಂಡರೆ 800 ಭಾಗಿಸು 3, ಸುಮಾರು 267 ಪಟ್ಟು. ತಲೆಯ ಜಗ್ಗಾಟ 80 ಕೆ.ಜಿ. ಬರೀ ಬೀಳೋ ಲೆಕ್ಕಕ್ಕೆ ಬಂದರೆ ಐದು ಸಾವಿರದ ಪೆಟ್ಟಿಗೆ, ಎರಡು ಸಾವಿರದ ದಪ್ಪ ಚೀಲದ ಮುಂದೆ ಸೋತಿತು. ಗಿಟಾರ್ ಪೆಟ್ಟಿಗೆಯೊಳಗೆ ಸಡಿಲವಾಗಿ ಲೊಟಲೊಟ ಅಲ್ಲಾಡ್ತಿದ್ದರೆ ಇನ್ನೂ ಕೆಟ್ಟದ್ದು, ಡಬ್ಬಿಯೊಳಗಿನ ಕಡಲೆಕಾಯಿ ಹಾಗೆ. ಹೊರಗಿನ ಗಟ್ಟಿತನ ಕಣ್ಣಿಗೆ ಕಾಣುತ್ತೆ, ಒಳಗಿನ ಅಳತೆ ಕಾಣಲ್ಲ. ಅದಕ್ಕೇ ಎಲ್ಲರೂ ಕೊಂಡಿ ತಟ್ಟಿ ನೋಡಿ ದುಡ್ಡು ಕೊಡ್ತಾರೆ.

ಒಳ್ಳೆ ಪೆಟ್ಟಿಗೆಯ ಗುಟ್ಟು ಇರೋದು ಕುತ್ತಿಗೆಯ ಕೆಳಗಿನ ದಿಂಬಿನಲ್ಲಿ. ಕುತ್ತಿಗೆ ಅದರ ಮೇಲೆ ಒರಗಿ, ತಲೆ ಎಲ್ಲೂ ತಾಗದೆ ಹಿಂದೆ ಮುಂದೆ ಸ್ವಲ್ಪ ಖಾಲಿ ಜಾಗದಲ್ಲಿ ತೇಲ್ತಾ ಇರಬೇಕು. ಒಳ್ಳೆ ಬ್ಯಾಗ್‌ಗಳಲ್ಲೂ ಈಗ ಇಂಥ ದಿಂಬು, ಮೇಲಿಂದ ವೆಲ್ಕ್ರೋ ಪಟ್ಟಿ ಬರುತ್ತೆ. ಇದಿಲ್ಲದ ದಪ್ಪ ಬ್ಯಾಗ್ ತಂದವರು ಹಳೆ ಟವೆಲ್ ಸುತ್ತಿ ಕುತ್ತಿಗೆಯ ಕೆಳಗೆ, ನಟ್‌ಗಿಂತ ಸ್ವಲ್ಪ ಈಚೆ ಇಟ್ಟರೆ ಮುಕ್ಕಾಲು ಕೆಲಸ ಆಗುತ್ತೆ. ತಲೆಯ ಹಿಂದೆ ಮಾತ್ರ ತುರುಕಬೇಡಿ. ಉತ್ತರ ಕರ್ನಾಟಕದವರ ಮನೆಯಲ್ಲಿ ಕೌದಿ ಇದ್ದೇ ಇರುತ್ತೆ. ಹಳೆ ಸೀರೆಗಳನ್ನ ಪದರ ಪದರವಾಗಿ ಇಟ್ಟು ಹೊಲಿದ ಸಣ್ಣ ಕೌದಿಯ ತುಂಡಿಗಿಂತ ಒಳ್ಳೆ ಪ್ಯಾಕಿಂಗ್ ನಮಗಂತೂ ಇನ್ನೂ ಸಿಕ್ಕಿಲ್ಲ.

ಡಿಕ್ಕಿಯ ಪ್ರಶ್ನೆ

ಹಾಗಂತ ಪೆಟ್ಟಿಗೆ ಬರೀ ಶೋಕಿ ಅನ್ನೋದೂ ತಪ್ಪು. ಬೀಳೋದು ಒಂದು ಬಗೆಯ ಅಪಾಯ. ಇನ್ನೊಂದು ಬಗೆ, ಮೇಲೆ ಏನಾದರೂ ಬಂದು ಕೂರೋದು. ಗಿಟಾರ್‌ನ ಮೇಲ್ಮುಖದ ಹಲಗೆ ಎರಡೂವರೆಯಿಂದ ಮೂರು ಮಿ.ಮೀ. ದಪ್ಪ, ಅಷ್ಟೇ. ಅದರ ಮೇಲೆ ಸೂಟ್‌ಕೇಸಿನ ಒಂದು ಮೂಲೆ ಒತ್ತಿದರೆ 20 ಮಿ.ಮೀ. ಫೋಮ್ ಪೂರ್ತಿ ಅಮುಕಿಕೊಂಡು ಸುಮ್ಮನಾಗುತ್ತೆ, ಭಾರವೆಲ್ಲ ಹಲಗೆಗೇ. ಹಾರ್ಡ್ ಕೇಸ್‌ನ ಕಮಾನು ಮುಚ್ಚಳ ಆ ಭಾರವನ್ನ ಪಕ್ಕದ ಗೋಡೆಗಳಿಗೆ ಹಂಚಿ ನೆಲಕ್ಕೆ ಇಳಿಸುತ್ತೆ. ಒಳಗಿನ ಗಿಟಾರ್‌ಗೆ ಸುದ್ದಿಯೇ ಇರಲ್ಲ.

ಹಾವೇರಿ ಸೀಮೆಯ ಬಸ್ಸಿನ ಡಿಕ್ಕಿ ನೋಡಿದವರಿಗೆ ಇದರ ಅರ್ಥ ಗೊತ್ತು. ಗೋವಿನಜೋಳದ ಚೀಲ, ಬೀಜದ ಪ್ಯಾಕೆಟ್ಟಿನ ಬಾಕ್ಸು, ಬ್ಯಾಡಗಿ ಮೆಣಸಿನಕಾಯಿ, ಸಂತೆಯಿಂದ ಬಂದ ತರಕಾರಿ ಬುಟ್ಟಿ, ಯಾರದ್ದೋ ಮದುವೆಯ ಪಾತ್ರೆ. 50 ಕೆ.ಜಿ.ಯ ಚೀಲವನ್ನ ಹಮಾಲರು ಮೆಲ್ಲಗೆ ಇಡಲ್ಲ, ಎಸೀತಾರೆ. ಅಲ್ಲಿಗೆ ಚೀಲದೊಳಗಿನ ಗಿಟಾರ್ ಹೋದರೆ ಫಿಸಿಕ್ಸ್ ಬೇಡ, ದೇವರೇ ಗತಿ.

ಆದ್ದರಿಂದ ನಾವು ಕೇಳಿಕೊಂಡ ಪ್ರಶ್ನೆ ಇದು: ಈ ದಾರಿಯಲ್ಲಿ ಗಿಟಾರ್ ಎಷ್ಟು ಹೊತ್ತು ನಮ್ಮ ಕೈಯಲ್ಲಿರುತ್ತೆ, ಎಷ್ಟು ಹೊತ್ತು ಬೇರೆಯವರ ಕೈಯಲ್ಲಿರುತ್ತೆ? ಕೈಯಲ್ಲೇ ಇರೋದಾದರೆ ಇರೋ ಭಯ ಬೀಳೋದು, ತಾಗೋದು. ಅದಕ್ಕೆ ದಪ್ಪ ಚೀಲ. ಕೈಬಿಟ್ಟು ಹೋಗೋದಾದರೆ ಭಯ ಭಾರ ಬೀಳೋದು. ಅದಕ್ಕೆ ಪೆಟ್ಟಿಗೆ. ಇನ್ನೂ ಒಂದು ಮಾತಿದೆ. ಯಾವುದನ್ನ ಹೊತ್ತಿದ್ದೀರಿ ಅನ್ನೋದೇ ಎಷ್ಟೋ ಸಲ ಅದು ನಿಮ್ಮ ಕೈಯಲ್ಲಿ ಉಳಿಯುತ್ತೋ ಇಲ್ಲವೋ ಅನ್ನೋದನ್ನ ನಿರ್ಧಾರ ಮಾಡುತ್ತೆ. ಬೆನ್ನ ಮೇಲಿನ ಬ್ಯಾಗ್ ನೋಡಿದ ಕಂಡಕ್ಟರ್ ಹೀಗೆ ಹೇಳ್ತಾರೆ:

‘ತಮ್ಮಾ, ಅದನ್ನ ಬೆನ್ನಿಂದ ಇಳಿಸಿ ಮುಂದ ಹಿಡ್ಕೊ. ಹಿಂದ ನಿಂತೋರ ಮಾರಿಗೆ ಬಡೀತೈತಿ.’

ಅದೇ ಜಾಗದಲ್ಲಿ ಶವಪೆಟ್ಟಿಗೆಯಂಥ ಕರೀ ಹಾರ್ಡ್ ಕೇಸ್ ಇದ್ದರೆ:

‘ಏ ತಮ್ಮಾ, ಇಷ್ಟು ದೊಡ್ಡದು ಒಳಗ ಎಲ್ಲಿ ತರತಿ? ಡಿಕ್ಕ್ಯಾಗ ಹಾಕು.’

‘ಒಡೀತೈತ್ರೀ ಅಣ್ಣಾರ.’

‘ಪೆಟಿಗ್ಯಾಗ ಐತೆಲ್ಲೋ, ಹೆಂಗ ಒಡೀತೈತಿ?’

ಅವರ ವಾದದಲ್ಲಿ ತಪ್ಪಿಲ್ಲ. ಪೆಟ್ಟಿಗೆ ಅಂದಮೇಲೆ ಅದು ಲಗೇಜು, ಬೆನ್ನ ಮೇಲಿದ್ದರೆ ಅದು ನಿಮ್ಮ ಮೈಯ ಭಾಗ. (ಶವಪೆಟ್ಟಿಗೆ ಅಂದದ್ದು ತಮಾಷೆಗಲ್ಲ. 19ನೇ ಶತಮಾನದಲ್ಲಿ ಅಮೆರಿಕದ ಮಾರ್ಟಿನ್ ಕಂಪನಿಯ ಗಿಟಾರ್‌ಗಳ ಜೊತೆ ಬರ್ತಿದ್ದ ಮರದ ಕೇಸ್‌ಗೆ ಜನ ಇಟ್ಟ ಹೆಸರೇ ಅದು.)

ರೈಲಿನಲ್ಲಿ ಅಷ್ಟು ಕಷ್ಟ ಇಲ್ಲ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ. ಉಚಿತ, ತೂಕದ ತಕರಾರೇ ಬರಲ್ಲ. ಟ್ರಂಕು ಸೂಟ್‌ಕೇಸಿಗೆ 100 ಸೆಂ.ಮೀ. ಉದ್ದದ ಮಿತಿ ಇದೆ, ದೊಡ್ಡ ಅಕೌಸ್ಟಿಕ್ ಗಿಟಾರ್ ಬ್ಯಾಗ್ ಸಮೇತ ಅದಕ್ಕಿಂತ ಸುಮಾರು ಹತ್ತು ಸೆಂ.ಮೀ. ಹೆಚ್ಚು. ನಮ್ಮನ್ನ ಇವತ್ತಿನವರೆಗೆ ಯಾರೂ ಟೇಪು ಹಿಡಿದು ಅಳೆದಿಲ್ಲ. ಅಪ್ಪರ್ ಬರ್ತ್ ಬುಕ್ ಮಾಡಿ, ಗಿಟಾರ್‌ನ ಗೋಡೆ ಕಡೆಗೆ ಮಲಗಿಸಿ, ನೀವು ಹೊರಗಡೆ ಮಲಗಿ. ಸೀಟಿನ ಕೆಳಗೆ ಇಟ್ಟರೆ ರಾತ್ರಿ ದಾವಣಗೆರೆಯಲ್ಲಿ ಹತ್ತಿದವರು ಕತ್ತಲಲ್ಲಿ ಟ್ರಂಕು ನೂಕ್ತಾರೆ, ಅವರಿಗೆ ಒಳಗೇನಿದೆ ಅಂತ ಗೊತ್ತಿರಲ್ಲ.

ಟಂಟಂನಲ್ಲಿ ತೊಡೆಗಳ ನಡುವೆ ನಿಲ್ಲಿಸಿ ಹಿಡ್ಕೊಳ್ಳೋದೇ ದಾರಿ. ನಾಲ್ಕು ಕೆ.ಜಿ. ಪೆಟ್ಟಿಗೆ, ಎರಡು ಕೆ.ಜಿ. ಗಿಟಾರ್, ಹೆಗಲಿಗೆ ಬಟ್ಟೆಯ ಬ್ಯಾಗು, ಕೈಯಲ್ಲಿ ಅಮ್ಮನಿಗೆ ತಂದ ಸ್ವೀಟ್ ಬಾಕ್ಸು. ಒಂದೇ ಹಿಡಿಕೆಯಲ್ಲಿ ಆರು ಕೆ.ಜಿ. ಹಿಡಿದು ನಡೆದು ನೋಡಿ. ಹತ್ತು ನಿಮಿಷಕ್ಕೆ ಕೈ ಬದಲಾಯಿಸ್ತೀರಿ, ಇಪ್ಪತ್ತು ನಿಮಿಷಕ್ಕೆ ಕೆಳಗೆ ಇಡ್ತೀರಿ, ಆಮೇಲೆ ಎಲ್ಲಾದರೂ ಒರಗಿಸ್ತೀರಿ. ಒರಗಿಸಿಟ್ಟ ಗಿಟಾರ್ ಜಾರಿ ಬೀಳೋ ಗಿಟಾರ್. ದಣಿದ ಕೈ ಅನ್ನೋ ವೇರಿಯಬಲ್ಲು ಯಾವ ಕಂಪನಿಯ ಜಾಹೀರಾತಿನಲ್ಲೂ ಇರಲ್ಲ.

ನಮ್ಮ ಸೀಮೆಯಲ್ಲಿ ವಾದ್ಯ ಹೊತ್ತು ತಿರುಗಾಡೋದು ಹೊಸದೂ ಅಲ್ಲ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯೂರುವ ಮೊದಲು ನಡೆಸಿದ್ದು ಊರೂರು ಸುತ್ತುವ ಸಂಗೀತ ಶಾಲೆ. ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ಅವರ ಶಿಷ್ಯರು. ಗುರು ಶಿಷ್ಯ ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಇಡೀ ಶಾಲೆಯೇ ಊರಿಂದೂರಿಗೆ ಹೋಗೋದು ಅಂದರೆ ವಾದ್ಯಗಳೂ ಜೊತೆಗೆ ಹೋಗೋದು. ಇವತ್ತು ಒಂದು ಗಿಟಾರಿಗೆ ನಾವು ಇಷ್ಟು ತಲೆ ಕೆಡಿಸಿಕೊಳ್ತಿರೋದನ್ನ ನೋಡಿದರೆ ನಗು ಬರುತ್ತೆ. ಹಾರ್ಮೋನಿಯಮ್ಮನ್ನು ಉತ್ತರ ಕರ್ನಾಟಕದಲ್ಲಿ ‘ಪೇಟಿ’ ಅಂತಲೇ ಕರೀತಾರೆ, ನಾಟಕದಲ್ಲಿ ಅದನ್ನ ನುಡಿಸೋರು ಪೇಟಿ ಮಾಸ್ತರ್. ಪೇಟಿ ಅಂದರೆ ಪೆಟ್ಟಿಗೆ. ತನ್ನ ಕೇಸನ್ನ ತಾನೇ ಹೊತ್ತ ವಾದ್ಯ! ಮಡಚಿ ಸೂಟ್‌ಕೇಸ್ ಮಾಡೋ ಹಾರ್ಮೋನಿಯಂ ಕೂಡ ಬಂತು. ಗಿಟಾರ್‌ಗೆ ಆ ಭಾಗ್ಯ ಇಲ್ಲ, ಯಾಕಂದ್ರೆ ಅದರ ಉದ್ದ ತಂತಿ ಅಷ್ಟು ಉದ್ದಕ್ಕೂ ಬಿಗಿಯಾಗಿ ಇರಲೇಬೇಕು. ತಂಬೂರಿ, ಸಿತಾರ್‌ಗೂ ಅದೇ ಗೋಳು, ಮೇಲಿಂದ ಒಣ ಸೋರೆಕಾಯಿಯ ಬುರುಡೆ ಬೇರೆ. ಮಿರಜ್‌ನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅಂಥ ಬುರುಡೆಯ ವಾದ್ಯ ತಂದು ಬರೀ ಗವಸಣಿಗೆಯಲ್ಲಿ ಬಸ್ಸಿಗೆ ಹತ್ತಿಸೋ ಧೈರ್ಯ ನಮಗಿಲ್ಲ. ಅಲ್ಲಿ ಫೈಬರ್ ಪೆಟ್ಟಿಗೆಯೇ ಸರಿ, ಎರಡು ಮಾತಿಲ್ಲ.

ಬಿಸಿಲು, ಮಳೆ

ಹವಾಮಾನದ ವಿಷಯದಲ್ಲಿ ಪೆಟ್ಟಿಗೆಗೆ ಒಂದು ಅಂಕ ಹೆಚ್ಚು. ಮರ ಗಾಳಿಯ ತೇವ ಕುಡಿದು ನಾರಿಗೆ ಅಡ್ಡಲಾಗಿ ಉಬ್ಬುತ್ತೆ, ಒಣಗಿದರೆ ಕುಗ್ಗುತ್ತೆ. ಗಿಟಾರ್ ಮಾಡೋರು ಸಾಮಾನ್ಯವಾಗಿ ಹೇಳೋದು 45ರಿಂದ 55 ಶೇಕಡಾ ಸಾಪೇಕ್ಷ ಆರ್ದ್ರತೆ ಇರಲಿ ಅಂತ. ಗಟ್ಟಿಮರದ, ಅಂದರೆ ಒಂದೇ ಹಲಗೆಯ ಸ್ಪ್ರೂಸ್ ಮುಖ ಇರೋ ಗಿಟಾರ್ 40 ಸೆಂ.ಮೀ. ಅಗಲ ಇದ್ದರೆ, ಮಳೆಗಾಲಕ್ಕೂ ಸುಡುಬೇಸಿಗೆಗೂ ನಡುವೆ ಆ ಅಗಲ ಎರಡು ಮೂರು ಮಿ.ಮೀ. ಬದಲಾಗೋ ಪ್ರಯತ್ನ ಮಾಡುತ್ತೆ. ಸುತ್ತ ಅಂಟಿಸಿರೋದರಿಂದ ಆಗಲ್ಲ, ಅದಕ್ಕೆ ಬಿರಿಯುತ್ತೆ ಅಥವಾ ಹೊಟ್ಟೆ ಉಬ್ಬುತ್ತೆ. ಮುಚ್ಚಿದ ಪೆಟ್ಟಿಗೆಯೊಳಗೆ ಈ ಏರಿಳಿತ ನಿಧಾನ. ಮಳೆಗಾಲದಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ, ಬೇಸಿಗೆಯಲ್ಲಿ ತೂತು ಮಾಡಿದ ಸೋಪು ಡಬ್ಬಿಯಲ್ಲಿ ಹಿಂಡಿದ ಸ್ಪಂಜು ಇಟ್ಟರೆ ಆಯ್ತು. ಬ್ಯಾಗಿನ ಝಿಪ್ಪಿನ ಸಂದಿಯಲ್ಲಿ ಗಾಳಿ ಓಡಾಡ್ತಾ ಇರುತ್ತೆ, ಅಲ್ಲಿ ಈ ಆಟ ಅಷ್ಟಾಗಿ ನಡೆಯಲ್ಲ.

ಆದರೆ ಹತ್ತು ಸಾವಿರದ ಒಳಗಿನ ಹೆಚ್ಚಿನ ಗಿಟಾರ್‌ಗಳ ಮುಖ ಪ್ಲೈವುಡ್ಡು. ಪದರಗಳು ಒಂದಕ್ಕೊಂದು ಅಡ್ಡಲಾಗಿ ಅಂಟಿರೋದರಿಂದ ಅದು ಇಷ್ಟೊಂದು ಕುಣಿಯಲ್ಲ. ನಾದದಲ್ಲಿ ಸ್ವಲ್ಪ ಮಂಕು, ಬಾಳಿಕೆಯಲ್ಲಿ ಎಮ್ಮೆ. ನಮ್ಮದೂ ಅದೇ ಜಾತಿ. ಸೌಂಡ್ ಹೋಲ್‌ನ ಅಂಚು ನೋಡಿ, ಒಳಗೆ ಸ್ಯಾಂಡ್‌ವಿಚ್ ಹಾಗೆ ಪದರ ಕಂಡರೆ ನೀವೂ ತೇವದ ಚಿಂತೆ ಅರ್ಧ ಬಿಡಬಹುದು.

ಬಿಸಿಲಿನ ಚಿಂತೆ ಮಾತ್ರ ಯಾರೂ ಬಿಡೋ ಹಾಗಿಲ್ಲ. ಗಿಟಾರ್ ಅಂಟಿಸೋ ಬಿಳಿ, ಹಳದಿ ಅಂಟುಗಳು ನಮ್ಮ ಫೆವಿಕಾಲ್‌ನ ಬಳಗದವು, 60 ಡಿಗ್ರಿ ಸೆಲ್ಸಿಯಸ್ ಸುತ್ತ ಮೆತ್ತಗಾಗೋಕೆ ಶುರು. ಬಿಸಿಲಿಗೆ ನಿಂತ ಮುಚ್ಚಿದ ಕಾರಿನ ಒಳಗೆ ಅಷ್ಟು ಶಾಖ ಆರಾಮಾಗಿ ಬರುತ್ತೆ. ತಂತಿಗಳ 70 ಕೆ.ಜಿ. ಎಳೆತ ಹಾಗೇ ಇರೋದರಿಂದ ಹೊಟ್ಟೆ ಮೇಲಿನ ಬ್ರಿಡ್ಜ್ ಅನ್ನೋ ಪಟ್ಟಿ ಮೆಲ್ಲಗೆ ಏಳುತ್ತೆ. ಚೀಲವೂ ಪೆಟ್ಟಿಗೆಯೂ ಇದಕ್ಕೆ ಉತ್ತರ ಅಲ್ಲ, ಎರಡೂ ಕರೀ ಬಣ್ಣದವೇ, ಬಿಸಿಲು ಕುಡಿಯೋಕೆ ಎರಡೂ ಚೆನ್ನಾಗಿ ಕಲ್ತಿವೆ. ಬಸ್ ಸ್ಟ್ಯಾಂಡಲ್ಲಿ ನೆರಳಿಗೆ ಹೋಗಿ ಅಷ್ಟೇ.

ಮಳೆಗೆ ಬ್ಯಾಗ್ ಸೋಲುತ್ತೆ. ‘ವಾಟರ್‌ಪ್ರೂಫ್’ ಅಂತ ಬರೆದ ಬಟ್ಟೆಯೂ ಹೊಲಿಗೆಯ ತೂತಿನಲ್ಲಿ ನೀರು ಬಿಡುತ್ತೆ. ಜೂನ್ ಜುಲೈನಲ್ಲಿ ಹೋಗೋದಾದರೆ ದೊಡ್ಡ ಕಸದ ಕವರ್ ಒಂದನ್ನ ಸೈಡ್ ಪಾಕೆಟ್ಟಲ್ಲಿ ಇಟ್ಟಿರಿ. ನಮ್ಮ ಗೆಳೆಯ ಒಮ್ಮೆ ಅದನ್ನ ಮೇಲಿಂದ ಹಾಕಿ, ಅದರ ಮೇಲೆ ತಾಡಪತ್ರಿ ತುಂಡು ಸುತ್ತಿ ಮನೆ ಸೇರಿದಾಗ ಅವರ ಅಜ್ಜಿ ಅಂದದ್ದು: ‘ಇದೇನೋ, ಕೂಸಿಗೆ ಕುಂಚಿಗಿ ಕಟ್ಟಿದಂಗ ಕಟ್ಟಿಯಲ್ಲೋ!’

ವಿಮಾನದ ಬಗ್ಗೆ ಒಂದೇ ಮಾತು. ಹುಬ್ಬಳ್ಳಿಗೆ ವಿಮಾನದಲ್ಲಿ ಹೋಗೋ ಅದೃಷ್ಟವಂತರು ಇದ್ದರೆ ಕೇಳಿ: ಕ್ಯಾಬಿನ್‌ಗೆ ಸಾಮಾನ್ಯವಾಗಿ 7 ಕೆ.ಜಿ.ಯ ಸಣ್ಣ ಚೀಲ, ಗಿಟಾರ್‌ನ ಉದ್ದ ಅದರ ಅಳತೆಗೆ ಹೊಂದಲ್ಲ. ಕೆಳಗೆ ಹೋಗೋ ಸಾಮಾನಿನಲ್ಲಿ ಹಾಕೋದಾದರೆ ಒಳ್ಳೆಯ ಹಾರ್ಡ್ ಕೇಸ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಕೆನಡಾದ ಗಾಯಕ ಡೇವ್ ಕ್ಯಾರಲ್ 2008ರಲ್ಲಿ ವಿಮಾನದ ಲಗೇಜಿಗೆ ಕೊಟ್ಟ ಟೇಲರ್ ಗಿಟಾರ್ ಮುರಿದುಬಂತು. 2009ರಲ್ಲಿ ಅವರು ಆ ಬಗ್ಗೆ ಯೂಟ್ಯೂಬ್‌ಗೆ ಹಾಕಿದ ಹಾಡು ಲೋಕವೆಲ್ಲ ನೋಡಿತು. ನಮ್ಮ ಗಿಟಾರ್ ಮುರಿದರೆ ಹಾಡೋಕೆ ನಮಗೆ ಅಷ್ಟು ಚೆನ್ನಾಗಿ ಬರಲ್ಲ.

ಕೊನೆಗೆ ಏನು ತಗೊಂಡ್ವಿ

ನಾಲ್ವರಲ್ಲಿ ಒಬ್ಬ ಕೊನೆವರೆಗೂ ಹಾರ್ಡ್ ಕೇಸ್ ಪಕ್ಷದವನೇ. ಅವನ ವಾದವೂ ಗಟ್ಟಿ: ಹಾಸ್ಟೆಲ್ ರೂಮಿನಲ್ಲಿ ಗಿಟಾರ್ ಮಂಚದ ಕೆಳಗಿರುತ್ತೆ, ಯಾರು ಬೇಕಾದರೂ ಬಕೆಟ್ಟು ನೂಕ್ತಾರೆ, ವರ್ಷದ ಹತ್ತು ತಿಂಗಳು ಅಲ್ಲೇ ಅಲ್ವಾ? ಅದಕ್ಕೆ ಉತ್ತರವಾಗಿ ನಾವು ಮಾಡಿದ್ದು ಗೋಡೆಗೆ ಒಂದು ಹುಕ್ಕು. ಚೀಲದ ಸಮೇತ ನೇತುಹಾಕೋದು. ಹುಕ್ಕಿಗೆ 120 ರೂಪಾಯಿ, ವಾರ್ಡನ್ ಸಾರ್ ಹತ್ತಿರ ಪರ್ಮಿಷನ್ ತಗೊಳ್ಳೋಕೆ ಎರಡು ವಾರ.

ಪೆಟ್ಟಿಗೆಯ ದುಡ್ಡಿನ ಅರ್ಧಕ್ಕಿಂತ ಕಡಿಮೆಗೆ 20 ಮಿ.ಮೀ. ಫೋಮ್, ಕುತ್ತಿಗೆಯ ದಿಂಬು, ಕೆಳಗೆ ರಬ್ಬರ್ ತಳ ಇರೋ ಬ್ಯಾಗ್ ತಂದ್ವಿ. ರಬ್ಬರ್ ತಳ ಮುಖ್ಯ, ಯಾಕಂದ್ರೆ ಬಸ್ಸಿನಲ್ಲಿ ನಿಂತಾಗ ಗಿಟಾರನ್ನ ಪದೇ ಪದೇ ನೆಲಕ್ಕೆ ಕುಕ್ಕೋದು ಅಲ್ಲೇ, ಪಟ್ಟಿ ಸಿಕ್ಕಿಸೋ ಗುಂಡಿಯ ಮೇಲೆ. ಒಳಗೆ ಆ ಗುಂಡಿಯ ಹಿಂದೆ ಮರದ ದಿಮ್ಮಿ ಇರುತ್ತೆ, ಮೇಲಿನ ಪೆಟ್ಟನ್ನ ಅದು ಪಕ್ಕದ ಹಲಗೆಗಳಿಗೆ ಸೀಳಾಗಿ ಕಳಿಸುತ್ತೆ. ಹೊರಡೋ ಮುಂಚೆ ತಂತಿಗಳನ್ನ ಎರಡು ಸ್ವರದಷ್ಟು ಸಡಿಲ ಮಾಡ್ತೇವೆ. ಒಂದು ದಿನದ ಪ್ರಯಾಣಕ್ಕೆ ಪೂರ್ತಿ ಬಿಚ್ಚೋದೇನೂ ಬೇಡ.

ಅಂಗಡಿಯಲ್ಲಿ ಬ್ಯಾಗ್ ನೋಡುವಾಗ ನಿಮ್ಮ ಗಿಟಾರನ್ನೇ ತಗೊಂಡು ಹೋಗಿ. ‘ಎಲ್ಲ 41 ಇಂಚಿಗೂ ಇದೇ ಸೈಜು ಸಾರ್’ ಅಂತಾರೆ, ನಂಬಬೇಡಿ. ಒಳಗಿಟ್ಟು, ಝಿಪ್ಪು ಹಾಕಿ, ಮೆಲ್ಲಗೆ ಅಲ್ಲಾಡಿಸಿ. ಒಳಗೆ ಸದ್ದು ಬಂದರೆ ವಾಪಸ್ ಕೊಡಿ. ಫೋಮನ್ನ ಎರಡು ಬೆರಳಿನ ನಡುವೆ ಹಿಂಡಿ: ಬೆರಳು ಬೆರಳಿಗೆ ತಾಗಿದರೆ ಅದು ದಿಂಬಿನ ಸ್ಪಂಜು, ತಡೆದು ನಿಂತು ಮೆಲ್ಲಗೆ ಮೇಲೆ ಬಂದರೆ ಅದು ಕೆಲಸದ ಫೋಮು. ದುಬಾರಿ ಗಿಟಾರ್ ಇದ್ದವರು, ಬ್ಯಾಂಡ್ ಕಟ್ಟಿಕೊಂಡು ಟೆಂಪೋದಲ್ಲಿ ಆಂಪ್ಲಿಫಯರ್, ಡ್ರಮ್ಮು ಸಮೇತ ಊರೂರು ತಿರುಗೋರು ನಮ್ಮ ಮಾತು ಕೇಳಬೇಡಿ, ಪೆಟ್ಟಿಗೆಯೇ ತಗೊಳ್ಳಿ. ಅಲ್ಲಿ ಗಿಟಾರ್ ಇರೋದು ಕೈಯಲ್ಲಲ್ಲ, ಸಾಮಾನಿನ ರಾಶಿಯಲ್ಲಿ.

ಇಷ್ಟೆಲ್ಲ ಆಗಿಯೂ ಮುರಿದರೆ? ಹಿರೇಕೆರೂರು ಕಡೆ ಗಿಟಾರ್ ರಿಪೇರಿ ಅಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಕಳಿಸೋದು. ಆದರೆ ಊರಿನ ಬಡಿಗೇರ ಕಾಕಾ ಬೇಕಾದಷ್ಟು ಸಾಕು, ಒಂದು ಷರತ್ತಿನ ಮೇಲೆ. ಮುರಿದ ತಲೆಯ ಎರಡೂ ಚೂರು ಸ್ವಚ್ಛವಾಗಿದ್ದು ಒಂದಕ್ಕೊಂದು ಕೂಡಿದರೆ, ಒಳ್ಳೆ ಮರದ ಅಂಟು ಹಚ್ಚಿ, ಕ್ಲಾಂಪ್ ಹಾಕಿ ಒಂದು ದಿನ ಪೂರ್ತಿ ಬಿಟ್ಟರೆ ಆ ಕೂಡಿಕೆ ಮರದಷ್ಟೇ ಗಟ್ಟಿಯಾಗಬಹುದು. ಮೊಳೆ ಹೊಡಿಯೋಕೆ ಬಿಡಬೇಡಿ. ಎಂ-ಸೀಲ್ ಮೆತ್ತೋಕಂತೂ ಬಿಡಲೇಬೇಡಿ, ಆಮೇಲೆ ಯಾವ ಅಂಟೂ ಅಲ್ಲಿ ಹಿಡಿಯಲ್ಲ. ತಂತಿ ಬಿಚ್ಚಿ, ಸಿಕ್ಕ ಸಣ್ಣ ಚೂರನ್ನೂ ಬಿಡದೆ ಕವರಿನಲ್ಲಿ ಹಾಕಿಟ್ಟುಕೊಂಡು ಹೋಗಿ.

ಇನ್ನು ಬ್ಯಾಗಿನಲ್ಲಿ ಮೊದಲು ಕೈಕೊಡೋದು ಫೋಮಲ್ಲ, ಬಟ್ಟೆಯಲ್ಲ. ಹೆಗಲಿನ ಪಟ್ಟಿ ಬ್ಯಾಗಿಗೆ ಸೇರೋ ಹೊಲಿಗೆ. ಹೊಸ ಬ್ಯಾಗಾದರೂ ಅಲ್ಲಿ ಒಂದೇ ಸಾಲು ದಾರ ಇದ್ದರೆ, ಗಿಟಾರ್ ಹಾಕೋ ಮೊದಲೇ ಚಪ್ಪಲಿ ಹೊಲಿಯೋರ ಹತ್ತಿರ ಕೊಟ್ಟು ನೈಲಾನ್ ದಾರದಲ್ಲಿ ಚೌಕಾಕಾರ ಹಾಕಿ, ನಡುವೆ ಗುಣಾಕಾರ ಚಿಹ್ನೆ ಹೊಡೆಸಿ. ನಮ್ಮ ಗೇಟಿನ ಎದುರಿನವರು ನಾಲ್ಕೂ ಕಡೆ ಸೇರಿ 40 ರೂಪಾಯಿ ತಗೊಂಡರು. ಝಿಪ್ಪಿನ ಹಲ್ಲಿಗೆ ಮೇಣದಬತ್ತಿ ತಿಕ್ಕೋದು ಪುಕ್ಕಟೆ ಹೇಳಿಕೊಟ್ಟರು.